ಮಾಂಸ ಬಿಟ್ಟೆ, ಮಾತು ಬಿಡಲಿಲ್ಲ

ಪ್ರತಿ ವರ್ಷ ಜನವರಿಯಲ್ಲಿ ಒಂದು ದಿನ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಎಲ್ಲರೂ ಸಿಹಿಯಾಗಿ ಮಾತಾಡುತ್ತಾರೆ. ಅದು ಸಂಕ್ರಾಂತಿಯ ದಿನ. ಎದುರು ಮನೆಯ ಕಾಕೂ ತಿಳಗುಳದ ಉಂಡೆ ಕೈಗಿಟ್ಟು "ಗೋಡ್ ಗೋಡ್ ಬೋಲಾ" ಅನ್ನುತ್ತಾರೆ. ಮೂರನೇ ಮಹಡಿಯ ಧಾರವಾಡದವರು ಎಳ್ಳು-ಬೆಲ್ಲ ಕೊಟ್ಟು ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಮರುದಿನ ಬೆಳಿಗ್ಗೆ ನೀರು ಬರುವ ಹೊತ್ತಿಗೆ ಪಂಪ್ ಯಾರು ಆನ್ ಮಾಡಬೇಕಿತ್ತು ಅಂತ ಜಗಳ ಶುರು. ಎಳ್ಳುಬೆಲ್ಲದ ಸಿಹಿ ಇಪ್ಪತ್ತನಾಲ್ಕು ಗಂಟೆಗೆ ಖಲಾಸ್.

ನಾನು ಇದನ್ನು ನೋಡಿ ನಗುತ್ತಿದ್ದೆ. ನಮ್ಮಲ್ಲಿ ಒಂದು ದಿನದ್ದಲ್ಲ, ನಲವತ್ತು ದಿನದ ವ್ರತ ಇದೆಯಲ್ಲ ಅಂತ ಒಳಗೊಳಗೇ ಹೆಮ್ಮೆ. ಆ ಹೆಮ್ಮೆ ಹೋದ ವರ್ಷ ಒಂದು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಇಳಿದುಹೋಯಿತು.

ತಪಸ್ಸುಕಾಲದ ಶುಕ್ರವಾರ. ಮಾಂಸ ಇಲ್ಲ. ಸೋರೆಕಾಯಿ ಸಾರು. ನಾನು ಒಂದು ತುತ್ತು ಬಾಯಿಗಿಟ್ಟು "ಇದಕ್ಕೆ ಉಪ್ಪು ಹಾಕೋದು ನಿಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ವಾ?" ಅಂದೆ. ಮೂವತ್ತೈದು ವರ್ಷದಿಂದ ಅಡುಗೆ ಮಾಡಿ ಹಾಕುತ್ತಿರುವವಳಿಗೆ. ಅವಳು ಉಪ್ಪಿನ ಡಬ್ಬಿ ತಂದು ನನ್ನ ಮುಂದಿಟ್ಟು, ಸ್ವಲ್ಪವೂ ದನಿ ಏರಿಸದೆ ಹೇಳಿದಳು: "ನಲವತ್ತು ದಿನ ಕೋಳಿ ಬಿಡ್ತೀರಿ. ಮನೆಯವರನ್ನು ತಿನ್ನೋದು ಮಾತ್ರ ಒಂದು ದಿನವೂ ಬಿಟ್ಟಿಲ್ಲ."

ಊಟ ಮುಗಿಯುವವರೆಗೆ ನಾನು ತಲೆ ಎತ್ತಲಿಲ್ಲ. ಅದರ ಬಗ್ಗೆಯೇ ಇವತ್ತಿನ ಬರಹ.

ಮೊದಲು ನನ್ನ ಪರಿಚಯ ಎರಡು ಮಾತಿನಲ್ಲಿ. ಊರು ಉಡುಪಿ ಹತ್ತಿರದ ಕಲ್ಯಾಣಪುರ. 1981ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಕೆಲಸ ಹುಡುಕಿಕೊಂಡು ಬಂದು ತಲುಪಿದ್ದು ಕಲ್ಯಾಣದ ಒಂದು ಚಾಳಿಗೆ. ಕಲ್ಯಾಣಪುರದಿಂದ ಕಲ್ಯಾಣಕ್ಕೆ! ಆಮೇಲೆ ಗೊತ್ತಾಗಿದ್ದು, ಈ ಎರಡು ಊರುಗಳಿಗೆ ಇನ್ನೊಂದು ನಂಟೂ ಇದೆ. 6ನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ಗ್ರೀಕ್ ಬರಹಗಾರ ಭಾರತದ ಪಶ್ಚಿಮ ಕರಾವಳಿಯ 'ಕಲಿಯಾನ' ಎಂಬಲ್ಲಿ ಕ್ರೈಸ್ತರಿದ್ದಾರೆ, ಪರ್ಷಿಯಾದಿಂದ ನೇಮಕವಾದ ಬಿಷಪರಿದ್ದಾರೆ ಅಂತ ಬರೆದಿದ್ದಾನೆ. ಅದು ಠಾಣೆ ಜಿಲ್ಲೆಯ ಕಲ್ಯಾಣವೇ ಅಂತ ಕೆಲವರು, ಅಲ್ಲ ನಮ್ಮ ಕಲ್ಯಾಣಪುರ ಅಂತ ಕೆಲವರು. ಎರಡೂ ನನ್ನವೇ ಆದ್ದರಿಂದ ನನಗೆ ತಕರಾರಿಲ್ಲ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ದುಡಿದಿದ್ದು ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ. 2018ರಲ್ಲಿ ರಿಟೈರ್ ಆದೆ. ಈಗ ಡೊಂಬಿವಲಿಯಲ್ಲಿ ನಾವಿಬ್ಬರೇ. ಮಗಳು ಠಾಣೆಯಲ್ಲಿ, ಮಗ-ಸೊಸೆ ನವಿ ಮುಂಬೈಯ ನೆರೂಳಿನಲ್ಲಿ.

ತಪಸ್ಸುಕಾಲ ಅಂದರೆ ಏನು ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಕೊಂಕಣಿಯಲ್ಲಿ ನಾವು ಕರೆಜ್ಮ್ ಅನ್ನುತ್ತೇವೆ. ವಿಭೂತಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ ಒಟ್ಟು 46 ದಿನ. ನಡುವಿನ 6 ಭಾನುವಾರ ಕಳೆದರೆ 40. ಯೇಸು ಮರಳುಗಾಡಿನಲ್ಲಿ ಉಪವಾಸ ಮಾಡಿದ ದಿನಗಳ ನೆನಪು. ಮೊದಲ ದಿನ ಹಣೆಗೆ ಬೂದಿ ಹಚ್ಚುತ್ತಾರೆ. ಆ ದಿನ ಡೊಂಬಿವಲಿಯಿಂದ ಲೋಕಲ್ ಹತ್ತಿದರೆ "ಅಂಕಲ್, ಹಣೆಗೆ ಏನೋ ಮೆತ್ತಿಕೊಂಡಿದೆ" ಅಂತ ಹೇಳುವವರು ಈಗಲೂ ಸಿಗುತ್ತಾರೆ!

ಊರಲ್ಲಿ ನಾವು ಚಿಕ್ಕವರಿದ್ದಾಗ ಆ ದಿನಗಳಲ್ಲಿ ಮದುವೆ ಇಲ್ಲ, ಬ್ಯಾಂಡು ಇಲ್ಲ, ಮನೆಯಲ್ಲಿ ಮಾಂಸದ ವಾಸನೆ ಇಲ್ಲ. ಶುಕ್ರವಾರ ಮಿಲಾಗ್ರಿಸ್ ಇಗರ್ಜಿಯಲ್ಲಿ ಶಿಲುಬೆಯ ಹಾದಿ. (2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದ ಮೇಲೆ ಆ ಇಗರ್ಜಿ ಕ್ಯಾಥೆಡ್ರಲ್ ಆಗಿದೆ.) ನಾನು ಬಾಂಬೆಗೆ ಬಂದ ಮೇಲೂ ಅದನ್ನು ಬಿಡಲಿಲ್ಲ. ನಲವತ್ತು ದಿನ ಮಾಂಸ ಇಲ್ಲ, ಸಂಜೆಯ ಒಂದು ಪೆಗ್ ಇಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗೆಳೆಯರು ಕೋಳಿ ತಿನ್ನುವಾಗ ನಾನು ಮೊಸರನ್ನ ಕಲಸಿಕೊಳ್ಳುತ್ತಿದ್ದೆ. ಕಲಸಿಕೊಳ್ಳುತ್ತಾ ಸೂಪರ್‌ವೈಸರನ ಬಗ್ಗೆ, ಪಕ್ಕದ ಮೆಷಿನ್ನಿನವನ ಬಗ್ಗೆ, ಅವನ ಹೆಂಡತಿಯ ಬಗ್ಗೆ... ಇರಲಿ ಬಿಡಿ.

ಇನ್ನೊಂದು ತಮಾಷೆ ನೋಡಿ. ನಮ್ಮ ಚರ್ಚಿನ ಕಾನೂನಿನಲ್ಲಿ ಉಪವಾಸಕ್ಕೆ ವಯಸ್ಸಿನ ಮಿತಿ ಇದೆ. 18 ತುಂಬಿದಲ್ಲಿಂದ 59 ತುಂಬುವವರೆಗೆ ಮಾತ್ರ ಕಡ್ಡಾಯ. ಅಂದರೆ ನನಗೆ ಹೊಟ್ಟೆಯ ಉಪವಾಸದಿಂದ ಏಳು ವರ್ಷದ ಹಿಂದೆಯೇ ವಿನಾಯಿತಿ ಸಿಕ್ಕಿದೆ. ಆದರೆ ನಾಲಿಗೆಗೆ ರಿಟೈರ್‌ಮೆಂಟ್ ಎಲ್ಲಿಯೂ ಬರೆದಿಲ್ಲ. ವಯಸ್ಸಾದ ಹಾಗೆ ಹಲ್ಲು ಉದುರುತ್ತವೆ, ನಾಲಿಗೆ ಮಾತ್ರ ಹರಿತವಾಗುತ್ತಾ ಹೋಗುತ್ತದೆ. ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು, ನೋಡಿಕೊಳ್ಳಿ.

ಹೆಂಡತಿಯ ಮಾತನ್ನು ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. "ನಿಮ್ಮ ಮನೆಯವರು ಸಂತ ಜಾನ್ ಕ್ರಿಸೋಸ್ತಮರನ್ನು ಓದಿದ್ದಾರಾ?" ಅಂದರು. ಅವಳು ಓದುವುದು ಕನ್ನಡ ಪೇಪರ್ ಮತ್ತು ಕೊಂಕಣಿಯ ರಾಕ್ಣೊ. ಆಮೇಲೆ ಫಾದರ್ ಹೇಳಿದ ಕಥೆ ಇದು.

387ನೆಯ ಇಸವಿ. ಅಂತಿಯೋಕ್ಯ ಪಟ್ಟಣ. ಹೊಸ ತೆರಿಗೆ ಬಂತು ಅಂತ ಜನ ರೊಚ್ಚಿಗೆದ್ದು ಚಕ್ರವರ್ತಿಯ ಮತ್ತು ಅವನ ಮನೆಯವರ ವಿಗ್ರಹಗಳನ್ನು ಉರುಳಿಸಿದರು. ಆಮೇಲೆ ಹೆದರಿಕೆ. ಚಕ್ರವರ್ತಿ ಏನು ಶಿಕ್ಷೆ ಕೊಡುತ್ತಾನೋ ಅಂತ ಇಡೀ ಊರು ನಡುಗುತ್ತಾ ಕೂತಿತು. ಅದು ತಪಸ್ಸುಕಾಲ. ಆಗಿನ್ನೂ ಬರೀ ಪಾದ್ರಿಯಾಗಿದ್ದ ಕ್ರಿಸೋಸ್ತಮ್ ಆ ಹೆದರಿದ ಜನಕ್ಕೆ ಪ್ರವಚನ ಕೊಟ್ಟರು. ಅವರು ಹೇಳಿದ್ದರ ಸಾರ ಇಷ್ಟು: ಉಪವಾಸ ಬರೀ ಹೊಟ್ಟೆಗೆ ಸಾಲದು. ಕಣ್ಣಿಗೆ, ಕಿವಿಗೆ, ಕೈಕಾಲಿಗೆ, ನಾಲಿಗೆಗೂ ಬೇಕು. ಹಕ್ಕಿಯನ್ನೂ ಮೀನನ್ನೂ ತಿನ್ನದೆ, ಒಡಹುಟ್ಟಿದವರನ್ನು ಮಾತಿನಲ್ಲಿ ಕಚ್ಚಿ ತಿಂದರೆ ಏನು ಬಂತು? ಆಡಿಕೊಳ್ಳುವವನು ಮಾತ್ರವಲ್ಲ, ಅದನ್ನು ಕಿವಿಗೊಟ್ಟು ಕೇಳುವವನೂ ಉಪವಾಸ ಮುರಿದ ಹಾಗೆ.

ಸುಮಾರು 1600 ವರ್ಷ ಹಳೆಯ ಪ್ರವಚನವನ್ನು ನನ್ನವಳು ಸೋರೆಕಾಯಿ ಸಾರಿನ ಮುಂದೆ ಒಂದೇ ಮಾತಿನಲ್ಲಿ ಮುಗಿಸಿದ್ದಳು!

ಆಮೇಲೆ ಹುಡುಕುತ್ತಾ ಹೋದೆ. ಕ್ರಿಸೋಸ್ತಮರಿಗಿಂತ ಎಷ್ಟೋ ಶತಮಾನ ಹಿಂದಿನ ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿ ಜನ ದೇವರನ್ನು ಕೇಳುತ್ತಾರೆ, ನಾವು ಉಪವಾಸ ಮಾಡಿದರೂ ನೀನು ನೋಡುವುದಿಲ್ಲ ಯಾಕೆ ಅಂತ. ಉಪವಾಸದ ದಿನವೇ ಜಗಳಾಡುತ್ತೀರಿ, ಗುದ್ದಾಡುತ್ತೀರಿ ಅಂತ ದೇವರು ಉತ್ತರ ಕೊಡುತ್ತಾನೆ. ಬಿಡಬೇಕಾದದ್ದರ ಪಟ್ಟಿಯಲ್ಲಿ ಇನ್ನೊಬ್ಬರ ಕಡೆ ಬೆರಳು ತೋರಿಸುವುದೂ ಸೇರಿದೆ. 6ನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ತಪಸ್ಸುಕಾಲಕ್ಕೆ ಊಟ, ನಿದ್ದೆಯ ಜತೆಗೆ ಮಾತನ್ನೂ ಕಡಿಮೆ ಮಾಡಿ ಅಂತ ಬರೆದಿದ್ದಾರೆ. 2020ರ ವಿಭೂತಿ ಬುಧವಾರ ಪೋಪ್ ಫ್ರಾನ್ಸಿಸ್ ಇದನ್ನೇ ಹೇಳಿದರು, ಈಗ ಜನ ನಮಸ್ಕಾರ ಹೇಳಿದಷ್ಟು ಸುಲಭವಾಗಿ ಬೈಯುತ್ತಾರೆ ಅಂತಲೂ ಸೇರಿಸಿದರು. 2017ರಲ್ಲಿ ಅವರ ಕೋಣೆಯ ಬಾಗಿಲಿಗೆ 'ಗೊಣಗುವುದು ನಿಷೇಧ' ಅಂತ ಬೋರ್ಡೇ ಹಾಕಿದ್ದರಂತೆ. ಅವರು 2025ರಲ್ಲಿ ತೀರಿಕೊಂಡರು. ಈಗಿನ ಪೋಪ್ ಹದಿನಾಲ್ಕನೆಯ ಲಿಯೋ ತಮ್ಮ 2026ರ ತಪಸ್ಸುಕಾಲದ ಸಂದೇಶದಲ್ಲಿ, ನೋಯಿಸುವ ಮಾತನ್ನೂ ಎದುರಿಗಿಲ್ಲದವರ ಬಗ್ಗೆ ಕೆಟ್ಟದಾಗಿ ಆಡುವುದನ್ನೂ ಬಿಡುವುದು ಒಂದು ಉಪವಾಸ ಅಂತ ಬರೆದಿದ್ದಾರೆ. ಮಾತಿನ ಆಯುಧಗಳನ್ನು ಕೆಳಗಿಡಿ ಅನ್ನುವುದು ಅದರ ಭಾವ.

ನನ್ನನ್ನು ಹೆಚ್ಚು ಚುಚ್ಚಿದ್ದು ಇದ್ಯಾವುದೂ ಅಲ್ಲ. 1992ರಲ್ಲಿ ಹೊರಬಂದ ನಮ್ಮ ಧರ್ಮೋಪದೇಶದ ಪುಸ್ತಕದಲ್ಲಿ ಮಾತಿನ ತಪ್ಪನ್ನು ಮೂರು ಬಗೆ ಮಾಡಿದ್ದಾರೆ. ಒಂದು, ಸರಿಯಾದ ಆಧಾರ ಇಲ್ಲದೆ ಇನ್ನೊಬ್ಬರು ತಪ್ಪು ಮಾಡಿದ್ದಾರೆ ಅಂತ ಮನಸ್ಸಿನಲ್ಲೇ ನಂಬಿಬಿಡುವುದು. ಎರಡು, ಸುಳ್ಳು ಹೇಳಿ ಹೆಸರು ಕೆಡಿಸುವುದು. ಮೂರು, ನಿಜವಾಗಿ ಇರುವ ತಪ್ಪನ್ನೇ, ಸರಿಯಾದ ಕಾರಣವಿಲ್ಲದೆ, ಅದು ಗೊತ್ತಿಲ್ಲದವರಿಗೆ ಹೇಳುವುದು.

ಈ ಮೂರನೆಯದರ ಹತ್ತಿರ ನಾನು ನಿಂತುಬಿಟ್ಟೆ. "ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು" ಅನ್ನುವುದು ನನ್ನ ನಲವತ್ತು ವರ್ಷದ ಹೆಮ್ಮೆ. ಇದ್ದದ್ದನ್ನು ಹೇಳಿದರೂ ತಪ್ಪಾಗಬಹುದು, ಯಾರಿಗೆ ಹೇಳಿದೆ, ಯಾಕೆ ಹೇಳಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಅರವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಅಂದರೆ, ಊರು ಬಿಟ್ಟು ಬಂದು ಇಲ್ಲಿ ನೆಲೆಯಾದ ನಮ್ಮೆಲ್ಲರ ವಿಷಯ. ಇದರಲ್ಲಿ ಕ್ರೈಸ್ತರು, ಬಂಟರು, ಬಿಲ್ಲವರು, ಬ್ರಾಹ್ಮಣರು ಅಂತ ಭೇದ ಇಲ್ಲ. ತಪ್ಪು ಹುಡುಕುವುದರಲ್ಲಿ ನಾವು ಒಂದೇ ಜಾತಿ.

ಎಂಟು ಗಂಟೆಯ ಫಾಸ್ಟ್ ಲೋಕಲಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನಾಗಿ ಅರ್ಧ ತೊಡೆ ಇಟ್ಟು ಕೂತು ಎಷ್ಟು ವರ್ಷ ಬದುಕಿದ್ದೇವೆ! ಅಲ್ಲಿ ನಾಲಿಗೆ ಹರಿತ ಇಲ್ಲದಿದ್ದರೆ ಜಾಗ ಸಿಗುವುದಿಲ್ಲ. 2005ರಲ್ಲಿ ಬಂದ 'ಡೊಂಬಿವಲಿ ಫಾಸ್ಟ್' ಅನ್ನುವ ಮರಾಠಿ ಸಿನಿಮಾ ನೋಡಿದ್ದೀರಾ? ನಿಶಿಕಾಂತ್ ಕಾಮತ್ ನಿರ್ದೇಶಿಸಿದ್ದು. ಬ್ಯಾಂಕಿನಲ್ಲಿ ಕೆಲಸ ಮಾಡುವ ನೇರ ಮನುಷ್ಯ ಮಾಧವ ಆಪ್ಟೆ ಎಲ್ಲ ಕಡೆ ತಪ್ಪನ್ನೇ ಕಂಡು ಕಂಡು, ಒಂದು ದಿನ ಕ್ರಿಕೆಟ್ ಬ್ಯಾಟ್ ಹಿಡಿದು ಬೀದಿಗೆ ಇಳಿಯುತ್ತಾನೆ. ಅವನು ಕಂಡ ತಪ್ಪುಗಳೆಲ್ಲ ನಿಜವೇ. ಥಿಯೇಟರಿನಲ್ಲಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಈಗ ಅನ್ನಿಸುತ್ತದೆ, ನಮ್ಮ ಹತ್ತಿರ ಬ್ಯಾಟ್ ಇರಲಿಲ್ಲ, ಬಾಯಿ ಇತ್ತು. ಟ್ರೈನಿನಲ್ಲಿ ಅಭ್ಯಾಸ ಮಾಡಿದ್ದನ್ನು ಮನೆಗೆ ತಂದೆವು, ಸಂಘದ ಮೀಟಿಂಗಿಗೆ ಒಯ್ದೆವು, ರಜೆಯಲ್ಲಿ ಊರಿಗೂ ಕೊಂಡುಹೋದೆವು.

ಊರಿಗೆ! ಅಲ್ಲಿ ನಮ್ಮದು ಇನ್‌ಸ್ಪೆಕ್ಟರ್ ಗತ್ತು. ಮೇ ತಿಂಗಳಲ್ಲಿ ಹತ್ತು ದಿನಕ್ಕೆ ಹೋಗುತ್ತೇವೆ. ಬಾವಿಯ ಕಟ್ಟೆ ಯಾಕೆ ಹೀಗಿದೆ, ತೆಂಗಿಗೆ ಗೊಬ್ಬರ ಯಾಕೆ ಹಾಕಿಲ್ಲ, ಟಾಯ್ಲೆಟ್ ಯಾಕೆ ಸರಿ ಇಲ್ಲ. ಉಳಿದ 355 ದಿನ ಅಲ್ಲಿ ಇದ್ದವರನ್ನು ಹತ್ತು ದಿನ ಬಂದವರು ಪ್ರಶ್ನೆ ಕೇಳುವುದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗೆ ಅಂತ ಗಾದೆ ಇದೆಯಲ್ಲ, ಅದು ಮತ್ತಾಯನ ಸುವಾರ್ತೆಯಲ್ಲಿ ಬರುವ ಕಣ್ಣಿನ ತೊಲೆ ಮತ್ತು ರವೆಯ ಮಾತಿಗೆ ಸರಿಯಾದ ಜೋಡಿ.

ನನಗೆ ಒಬ್ಬ ತಮ್ಮ ಇದ್ದಾನೆ. ಅಪ್ಪ 1999ರಲ್ಲಿ ತೀರಿಕೊಂಡ ಮೇಲೆ ಅಮ್ಮನನ್ನು ನೋಡಿಕೊಂಡವನು ಅವನು. ನಾನು ತಿಂಗಳಿಗೆ ಹಣ ಕಳಿಸುತ್ತಿದ್ದೆ. ಕಳಿಸಿದ್ದಕ್ಕೆ ಲೆಕ್ಕವನ್ನೂ ಕೇಳುತ್ತಿದ್ದೆ.

2011ರ ಮೇ ತಿಂಗಳು. ಅಮ್ಮ ಹಾಸಿಗೆ ಹಿಡಿದಿದ್ದಳು. ನಾನು ಊರಿಗೆ ಹೋದ ರಾತ್ರಿಯೇ ಮುಂಗಾರಿಗೂ ಮುಂಚಿನ ಮಳೆ ಬಂತು. ಅಮ್ಮ ಮಲಗುವ ಕೋಣೆಯಲ್ಲಿ ಹೆಂಚು ಒಡೆದು ಒಂದು ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಪಾತ್ರೆ ಇಟ್ಟಿದ್ದರು. ಮರುದಿನ ಮಧ್ಯಾಹ್ನ ಸಂಬಂಧಿಕರೆಲ್ಲ ಊಟಕ್ಕೆ ಕೂತಿದ್ದಾಗ ನಾನು ತಮ್ಮನಿಗೆ ಹೇಳಿದೆ, "ನಾಯಿ ಮಲಗುವ ಜಾಗವಾದರೂ ಇದಕ್ಕಿಂತ ಒಣಗಿರುತ್ತದೆ. ನಾನು ಕಳಿಸಿದ ದುಡ್ಡು ಎಲ್ಲಿಗೆ ಹೋಯಿತು?"

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಏನೂ ಹೇಳಲಿಲ್ಲ. ಅವನ ಹೆಂಡತಿ ಬಡಿಸುವ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಹನ್ನೆರಡು ವರ್ಷ ಅಮ್ಮನ ಮಲಮೂತ್ರ ತೆಗೆದವರು ಅವರಿಬ್ಬರು.

ಅಮ್ಮ 2012ರ ಮಳೆಗಾಲದಲ್ಲಿ ಹೋದಳು. ಅಂತ್ಯಕ್ರಿಯೆಯಲ್ಲಿ ತಮ್ಮ ನನ್ನ ಜತೆ ಪೆಟ್ಟಿಗೆ ಹೊತ್ತ, ಮಾತಾಡಲಿಲ್ಲ. 2015ರಲ್ಲಿ ಠಾಣೆಯಲ್ಲಿ ನಡೆದ ಮಗಳ ಮದುವೆಗೆ ಬರಲಿಲ್ಲ. ಆಮೇಲೆ ಫೋನ್ ಅಂದರೆ ಯಾರಿಗೋ ಕಾಯಿಲೆ, ಯಾರದ್ದೋ ಸಾವು, ತೆರಿಗೆ ಕಟ್ಟಿದ ರಸೀದಿ. ಹೆಂಚು ಒಡೆದದ್ದು ನಿಜ. ನೀರು ಸೋರಿದ್ದು ನಿಜ. ನನ್ನ ಮಾತಿನಲ್ಲಿ ಸುಳ್ಳು ಇರಲಿಲ್ಲ ಅಂತಲೇ ಹದಿನಾಲ್ಕು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಏಣಿ ಹಾಕಿ ಆ ಹೆಂಚನ್ನು ನಾನೇ ಬದಲಿಸಬಹುದಿತ್ತು ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ಈ ವರ್ಷ, ಅಂದರೆ 2026ರಲ್ಲಿ, ಫೆಬ್ರವರಿ 18ಕ್ಕೆ ವಿಭೂತಿ ಬುಧವಾರ. ಹೆಂಡತಿಗೆ ಹೇಳಿದೆ, ಈ ಸಲ ಕೋಳಿಯ ಜತೆಗೆ ತಪ್ಪು ಹುಡುಕುವುದನ್ನೂ ಬಿಡುತ್ತೇನೆ ಅಂತ. ಅವಳು ನಂಬಲಿಲ್ಲ. ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ತಂದು ಟಿವಿ ಪಕ್ಕ ಇಟ್ಟಳು. ಒಂದು ತಪ್ಪು ಮಾತಿಗೆ ಹತ್ತು ರೂಪಾಯಿಯ ಒಂದು ನಾಣ್ಯ. ಲೆಕ್ಕ ಬರೆಯುವುದು ನನ್ನ ಕೆಲಸ, ಹಿಡಿಯುವುದು ಅವಳ ಕೆಲಸ.

ಮೊದಲ ವಾರ 58 ನಾಣ್ಯ ಬಿದ್ದವು ಮಾರಾಯ್ರೇ! ಪುಸ್ತಕ ತೆಗೆದು ನೋಡಿದರೆ ಅದರಲ್ಲಿ 44 ಮಾತು ಎದುರಿಗೆ ಇಲ್ಲದವರ ಬಗ್ಗೆ. ಟಿವಿಯಲ್ಲಿ ಕಂಡವರು, ವಾಚ್‌ಮನ್, ಸೊಸೆ, ಸಂಘದ ಪದಾಧಿಕಾರಿಗಳು, ಇಗರ್ಜಿಯಲ್ಲಿ ಅಪಸ್ವರದಲ್ಲಿ ಹಾಡಿದವರು. ಒಮ್ಮೆ ನಾನು ಬಾಯಿ ಬಿಡದೆ ಬರೀ ಮುಖ ಸಿಂಡರಿಸಿದೆ. "ಅದಕ್ಕೂ ಹತ್ತು ರೂಪಾಯಿ" ಅಂದಳು. ಜಗಳ ಆಡಿದೆ. ಇನ್ನೂ ಹತ್ತು ಹೋಯಿತು.

ಅದೇ ವಾರ ರಂಜಾನ್ ಉಪವಾಸವೂ ಶುರುವಾಗಿತ್ತು. ಮುಂಬ್ರಾದಲ್ಲಿರುವ ನನ್ನ ಹಳೆಯ ಸಹೋದ್ಯೋಗಿಗೆ ಫೋನಿನಲ್ಲಿ ಈ ಬಾಟಲಿಯ ಕಥೆ ಹೇಳಿದೆ. ಅವನು ನಕ್ಕು, "ನಮ್ಮಲ್ಲೂ ಅದೇ. ಸುಳ್ಳು ಮಾತು ಬಿಡದವನು ಅನ್ನ ನೀರು ಬಿಟ್ಟರೆ ದೇವರಿಗೆ ಅದರ ಅಗತ್ಯ ಇಲ್ಲ ಅಂತ ಪ್ರವಾದಿಗಳು ಹೇಳಿದ್ದಾರೆ" ಅಂದ. ಮೂವತ್ತು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದವರು ನಾವು. ಈ ಮಾತು ಆಡಿದ್ದು ಅದೇ ಮೊದಲು.

ನಾಲ್ಕನೇ ವಾರ ನಿಜವಾದ ಪರೀಕ್ಷೆ ಬಂತು. ನಮ್ಮ ಸೊಸೈಟಿಯ ಲೆಕ್ಕಪತ್ರದಲ್ಲಿ ನಲವತ್ತು ಸಾವಿರ ರೂಪಾಯಿ ಹೊಂದಾಣಿಕೆ ಆಗುತ್ತಿರಲಿಲ್ಲ. ಮೊದಲಿನ ನಾನಾಗಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ, ಖಜಾಂಚಿಯ ಮಾನವನ್ನು ಎಲ್ಲ ಫ್ಲಾಟುಗಳಿಗೂ ಹಂಚುತ್ತಿದ್ದೆ. ಈಗ ವ್ರತ. ಸುಮ್ಮನಿರಬೇಕೇ? ಹಣ ಎಲ್ಲರದ್ದು. ಸುಮ್ಮನಿದ್ದರೆ ಅದೂ ತಪ್ಪು.

ಇದಕ್ಕೂ ದಾರಿ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಮಾಡುವುದು ಸರಿಯಾಗಿ ತಿರುಗುಮುರುಗು. ಮೊದಲು ಊರಿಗೆಲ್ಲ, ಕೊನೆಗೆ ಅವನಿಗೆ. 2020ರ ಸೆಪ್ಟೆಂಬರ್ 6ರಂದು ಪೋಪ್ ಫ್ರಾನ್ಸಿಸ್ ಇದೇ ವಾಕ್ಯಗಳ ಬಗ್ಗೆ ಮಾತಾಡುತ್ತಾ, ಬೆನ್ನ ಹಿಂದೆ ಆಡಿಕೊಳ್ಳುವುದು ಕೊರೋನಾಕ್ಕಿಂತ ಕೆಟ್ಟ ರೋಗ ಅಂದಿದ್ದರು.

ಸಂಜೆ ಖಜಾಂಚಿಯ ಮನೆಗೆ ಒಬ್ಬನೇ ಹೋದೆ. ಚಹಾ ಕುಡಿಯುತ್ತಾ ಕಾಗದ ತೋರಿಸಿದೆ. ಅವರ ಮುಖ ಕೆಂಪಾಯಿತು. ಹಳೆಯ ಬಿಲ್ಲುಗಳ ಕಟ್ಟು ತಂದು ಹುಡುಕಿದರು. ಲಿಫ್ಟ್ ರಿಪೇರಿಗೆ ಕೊಟ್ಟ ಹಣ ಲೆಕ್ಕಕ್ಕೆ ಹತ್ತಿರಲೇ ಇಲ್ಲ. ಅವರ ಅಜಾಗರೂಕತೆ ಇತ್ತು, ಅದನ್ನು ಅವರ ಮುಖಕ್ಕೇ ಹೇಳಿದೆ. ಮುಂದಿನ ಮೀಟಿಂಗಿನಲ್ಲಿ ಅವರೇ ಎದ್ದು ನಿಂತು ತಪ್ಪು ಒಪ್ಪಿಕೊಂಡು ಸರಿಪಡಿಸಿದರು. ಗ್ರೂಪಿನಲ್ಲಿ ಬರೆದಿದ್ದರೆ ಅವರು ಕಳ್ಳರಾಗಿ ಉಳಿಯುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ತಪ್ಪು ಹುಡುಕಬಾರದು ಅನ್ನುವುದನ್ನು ಬಾಯಿ ಮುಚ್ಚಿಸುವುದಕ್ಕೆ ಉಪಯೋಗಿಸುವವರಿದ್ದಾರೆ. ಹೆಂಡತಿಗೆ ಹೊಡೆಯುವ ಗಂಡನ ಬಗ್ಗೆ, ಮಕ್ಕಳ ಮೇಲೆ ಕೈ ಹಾಕುವವನ ಬಗ್ಗೆ, ಕೂಲಿ ಕೊಡದ ಕಂತ್ರಾಟುದಾರನ ಬಗ್ಗೆ ಮೌನವಾಗಿರುವುದು ಭಕ್ತಿ ಅಲ್ಲ. ಹೊಡೆತ ತಿಂದವಳಿಗೆ "ಮೊದಲು ಒಬ್ಬಳೇ ಹೋಗಿ ಅವನಿಗೆ ಬುದ್ಧಿ ಹೇಳು" ಅನ್ನುವುದಂತೂ ಕ್ರೌರ್ಯ. ನಮ್ಮ ಚರ್ಚು ಈ ಪಾಠವನ್ನು ಕಷ್ಟಪಟ್ಟು ಕಲಿತಿದೆ. ಎಷ್ಟೋ ಕಡೆ ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟ ಮೇಲೆ, 2019ರಲ್ಲಿ ಪೋಪ್ ಫ್ರಾನ್ಸಿಸ್ ಕಾನೂನು ತಂದು, ಅಂಥದ್ದು ಗೊತ್ತಾದರೆ ವರದಿ ಮಾಡುವುದು ಪಾದ್ರಿಗಳಿಗೂ ಸನ್ಯಾಸಿನಿಯರಿಗೂ ಕಡ್ಡಾಯ ಅಂದರು. ಇನ್ನೊಬ್ಬರನ್ನು ಕಾಪಾಡುವುದಕ್ಕೆ ಹೇಳುವ ಮಾತಿಗೆ ನನ್ನ ಬಾಟಲಿಯಲ್ಲಿ ದಂಡ ಇಲ್ಲ. ನನ್ನ ನಾಲಿಗೆಯ ತುರಿಕೆಗೆ ಆಡುವ ಮಾತಿಗೆ ಮಾತ್ರ ಇದೆ. ಎರಡರ ವ್ಯತ್ಯಾಸ ಆಡುವವನಿಗೆ ಒಳಗೆ ಗೊತ್ತಿರುತ್ತದೆ.

ಬಾಟಲಿಯ ಲೆಕ್ಕ ಹೀಗಾಯಿತು: 58, 41, 30, 22, 16, 11, 9. ಒಟ್ಟು 187 ನಾಣ್ಯ, 1870 ರೂಪಾಯಿ. ಪವಿತ್ರ ವಾರದಲ್ಲಿ ಚರ್ಚಿನ ಬಡವರ ಪೆಟ್ಟಿಗೆಗೆ ಹಾಕಿದೆ. ನಾನು ಸಂತನಾಗಿಲ್ಲ, ಒಂಬತ್ತು ಉಳಿದೇ ಇದೆ. ಆದರೆ ಸೊಸೆ ನೆರೂಳಿನಿಂದ ಬಂದಾಗ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಎದುರಿಗೆ ಕೂತು ಆಫೀಸಿನ ಕಥೆ ಹೇಳಿದಳು. ಮೊದಲೆಲ್ಲ "ಪಪ್ಪಾ, ಚಹಾ ಬೇಕಾ?" ಅಂತ ಕೇಳಿ ಒಳಗೆ ಹೋಗುತ್ತಿದ್ದಳು.

ಪವಿತ್ರ ಗುರುವಾರ, ಏಪ್ರಿಲ್ 2. ಸಂಜೆಯ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆದರು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಮಾಡುವುದು. ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆ.

"ಯಾರಿಗೆ ಹುಷಾರಿಲ್ಲ?" ಅಂದ. ನನ್ನ ಫೋನ್ ಅಂದರೆ ಅವನಿಗೆ ಅಷ್ಟೇ.

"ಎಲ್ಲರೂ ಚೆನ್ನಾಗಿದ್ದಾರೆ. ಆವತ್ತು ಊಟದ ಹೊತ್ತಿಗೆ ನಾನು ಆಡಿದ ಮಾತು... ಆಡಬಾರದಿತ್ತು. ತಪ್ಪಾಯಿತು." ಯಾವತ್ತು ಅಂತ ಅವನು ಕೇಳಲಿಲ್ಲ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಇನ್ನೊಂದು ಸೀಟಿ.

"ಅಮ್ಮನಿಗೆ ಒಳಗೆ ಕೇಳಿಸಿತ್ತು" ಅಂದ. "ಆ ರಾತ್ರಿ ನನ್ನನ್ನು ಕರೆದು, ಅವನು ದೂರದಿಂದ ದಣಿದು ಬಂದಿದ್ದಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದಳು. ನನಗೆ ಆಗಲಿಲ್ಲ."

ನನಗೆ ಏನು ಹೇಳುವುದು ಗೊತ್ತಾಗಲಿಲ್ಲ. ಆ ಮಾತು ಅಮ್ಮನ ಕಿವಿಗೂ ಬಿದ್ದಿತ್ತು ಅನ್ನುವುದು ನನಗೆ ಹದಿನೈದು ವರ್ಷ ಗೊತ್ತಿರಲಿಲ್ಲ. ಅವನು ಗೊತ್ತುಮಾಡಲೂ ಇಲ್ಲ. ಅವನ ಉಪವಾಸ ನನ್ನದಕ್ಕಿಂತ ದೊಡ್ಡದಿತ್ತು.

ಸ್ವಲ್ಪ ಹೊತ್ತು ಬಿಟ್ಟು ಅವನೇ ಅಂದ, "ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಇಳಿಸಿ ಸರಿಮಾಡಬೇಕು. ಮೇ ತಿಂಗಳಲ್ಲಿ ಬರುತ್ತೀಯಾ? ನೋಡುವುದಕ್ಕೆ ಬರಬೇಡ. ಕೆಲಸಕ್ಕೆ ಬಾ."

ನಮ್ಮಿಬ್ಬರ ನಡುವೆ ಎಲ್ಲ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. ಹದಿನೈದು ವರ್ಷ ಒಂದು ಫೋನಿನಲ್ಲಿ ತುಂಬುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೆ ಠಾಣೆಯಿಂದ ಉಡುಪಿಗೆ ಟಿಕೆಟ್ ತೆಗೆದಿದ್ದೇನೆ. ವೇಟಿಂಗ್ ಲಿಸ್ಟಿನಲ್ಲಿದೆ. ರೈಲ್ವೆಯವರ ಬಗ್ಗೆ ಇನ್ನೂ ಏನೂ ಅಂದಿಲ್ಲ.

ಹಬ್ಬ ಮುಗಿಯಿತು, ಕೋಳಿ ಮತ್ತೆ ಮನೆಗೆ ಬಂತು. ಬಾಟಲಿಯನ್ನು ಹೆಂಡತಿ ಟಿವಿ ಪಕ್ಕದಿಂದ ತೆಗೆದಿಲ್ಲ. ನಿಮ್ಮ ಮನೆಯಲ್ಲೂ ಖಾಲಿ ಬಾಟಲಿ ಒಂದು ಇದ್ದೀತು. ನೀವು ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ, ಒಂದು ವಾರ ಇಟ್ಟು ನೋಡಿ. ಎಷ್ಟಾಯಿತು ಅಂತ ನನಗೆ ಹೇಳುವುದು ಬೇಡ. ಊರಲ್ಲಿ ಯಾರಿಗೋ ಒಂದು ಫೋನ್ ಬಾಕಿ ಇದ್ದರೆ, ಅದನ್ನು ಮಾತ್ರ ಮಾಡಿಬಿಡಿ.